ಹಿಂಚಕ್ರದ ನಟ್ಟಿಗೊಂದು ಸ್ಪ್ಯಾನರ್

ಅರದಮ್ಮ ಹೊಸ ಟೈರನ್ನು ಹೆಗಲಿಗೆ ಹಾಕಿಕೊಂಡು ಬೀದಿಯ ತಿರುವಿಗೆ ಬರುವಾಗಲೇ ಸದ್ದು ಕೇಳಿಸಿತು. ಕಬ್ಬಿಣದ ಮೇಲೆ ಕಬ್ಬಿಣ ಬಡಿಯುವ ಸದ್ದಿನಲ್ಲಿ ಎಷ್ಟು ಬಗೆಗಳಿವೆಯೆಂಬುದನ್ನು ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಪಳಗಿದ ಕಿವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇದು ಉಳಿಯ ಸದ್ದು. ಅವಳು ಓಡುನಡಿಗೆಯಲ್ಲಿ ಬಂದಳು.

ರಿಪೇರಿ ಅಂಗಡಿಯವನು ಅವಳ ಮೋಟಾರ್‌ಸೈಕಲ್ಲಿನ ಹಿಂಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಆಕ್ಸಲ್ಲಿನ ನಟ್ಟಿಗೆ ಓರೆಯಾಗಿ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದ.

“ನಿಲ್ಸೋ!”

“ಬಂದ್ರಾ ಅಕ್ಕಾ? ಇನ್ನೆರಡೇ ಏಟು. ಬಂದ್ಬಿಡುತ್ತೆ.”

“ಏನು ಬಂದ್ಬಿಡುತ್ತೆ? ನಟ್ಟೋ, ನಿನ್ನ ತಲೆಯೋ? ಉಳಿ ಕೆಳಗಿಡು ಮೊದ್ಲು.”

ಅವನು ಉಳಿಯನ್ನು ಕೆಳಗಿಟ್ಟ. ಅವಳು ಟೈರನ್ನು ನೆಲಕ್ಕೆ ಒಗೆದು ಬಗ್ಗಿ ನೋಡಿದಳು. ಆರು ಮೂಲೆಗಳಲ್ಲಿ ನಾಲ್ಕು ಮುಕ್ಕಾಗಿದ್ದವು. ಉಳಿದೆರಡು ನಾಯಿ ಅಗಿದ ಎಲುಬಿನಂತೆ ಕಾಣುತ್ತಿದ್ದವು. ನಟ್ಟು ಮಾತ್ರ ಕೂತಲ್ಲಿಂದ ಒಂದು ಕೂದಲಿನಷ್ಟೂ ಕದಲಿರಲಿಲ್ಲ.

“ನನ್ನತ್ರ ಇರೋ ಯಾವ ಸ್ಪ್ಯಾನರೂ ಕೂರ್ಲಿಲ್ಲ ಅಕ್ಕಾ,” ಎಂದು ಅವನು ಗೋಗರೆದ. “ಇಪ್ಪತ್ತೆಂಟು ಹಾಕಿದ್ರೆ ಜಾರುತ್ತೆ, ಇಪ್ಪತ್ತೇಳು ಒಳಗೇ ಹೋಗಲ್ಲ. ಬಾಯಿ ಹಿಗ್ಗಿಸೋ ಸ್ಕ್ರೂ ಸ್ಪ್ಯಾನರ್ ಹಾಕೋಣ ಅಂದ್ರೆ ಅದರ ಮೂತಿ ದಪ್ಪ, ಆ ಸಂದಿಗೆ ಹೋಗಲ್ಲ. ಎಲ್ಲಿಂದ ತಂದ್ರೋ ಈ ಗಾಡೀನ. ನಟ್ಟು ಒಡೆದು ಬೇರೆ ಹಾಕ್ಬಿಡ್ಲಾ?”

“ಬೇರೆ ಎಲ್ಲಿದೆಯಪ್ಪಾ? ಇದರ ತಿರುಪಿನ ಮರೆ ಬೇರೆ, ನಿನ್ನ ಡಬ್ಬಿಯಲ್ಲಿರೋ ನಟ್ಟುಗಳ ಮರೆ ಬೇರೆ. ಒಡೆದ್ರೆ ಗಾಡೀನ ತೂಕಕ್ಕೆ ಹಾಕೋದೇ. ಸ್ಪ್ಯಾನರ್ ಕೂರ್ಲಿಲ್ಲ ಅಂದ್ರೆ ಬಾಯಿ ಬಿಟ್ಟು ಕೂರ್ಲಿಲ್ಲ ಅನ್ನೋದಕ್ಕೆ ಏನು ರೋಗ ನಿಂಗೆ?”

ಚೈನನ್ನೂ ಬ್ರೇಕಿನ ಸರಳನ್ನೂ ಅವನು ಆಗಲೇ ಕಳಚಿದ್ದ. ಅವೆರಡನ್ನೂ ಚೀಲಕ್ಕೆ ತುಂಬಿ, ಟೈರನ್ನು ಸೀಟಿನ ಮೇಲೆ ಹಗ್ಗದಿಂದ ಬಿಗಿದು, ಅವಳು ಗಾಡಿಯನ್ನು ಅರ್ಧ ಮೈಲಿ ತಳ್ಳಿಕೊಂಡು ಮನೆಗೆ ಹೊರಟಳು. ದಾರಿಯುದ್ದಕ್ಕೂ ಅವಳು ಗೊಣಗಿದ್ದು ಉಳಿಯ ಬಗ್ಗೆಯೇ. ಆದರೆ ಅವಳನ್ನು ಸುಡುತ್ತಿದ್ದುದು ಉಳಿಯೊಂದೇ ಆಗಿರಲಿಲ್ಲ. ಗಾಡಿಯೊಂದಿಗೆ ಬಂದಿದ್ದ, ಆ ನಟ್ಟಿಗೆಂದೇ ಮಾಡಿದ ತೆಳು ಮೂತಿಯ ಸ್ಪ್ಯಾನರನ್ನು ಗಂಡ ಆಸ್ಪತ್ರೆ ಸೇರಿದ್ದ ತಿಂಗಳಲ್ಲಿ ಯಾರೋ ಕೇಳಿ ಒಯ್ದಿದ್ದರು. ಯಾರೆಂದು ನೆನಪಿರಲಿಲ್ಲ. ಕೊಟ್ಟವಳು ಅವಳೇ.

ಅಂದು ಸೋಮವಾರ. ಗುರುವಾರ ಹನ್ನೊಂದು ಗಂಟೆಗೆ ಗಾಡಿಯ ತಪಾಸಣೆಯಿತ್ತು. ಇಪ್ಪತ್ತೈದು ವರ್ಷ ದಾಟಿದ ವಾಹನಗಳು ಪ್ರತಿ ವರ್ಷ ತಪಾಸಣೆಗೆ ನಿಲ್ಲಬೇಕು, ಒಮ್ಮೆ ಅವಧಿ ಮೀರಿದರೆ ನೋಂದಣಿ ರದ್ದಾಗುತ್ತದೆ, ರದ್ದಾದದ್ದು ಮತ್ತೆ ಜೀವ ಪಡೆಯುವುದಿಲ್ಲ. ಆಸ್ಪತ್ರೆಯ ಓಡಾಟದಲ್ಲಿ ಅವಳು ಎರಡು ಸಲ ದಿನ ಮುಂದೂಡಿಸಿಕೊಂಡಿದ್ದಳು. ಇದು ಕೊನೆಯದು. ಹಿಂದಿನ ಟೈರು ಸವೆದು ಅಂಗೈಯಷ್ಟು ನುಣ್ಣಗಾಗಿದ್ದರಿಂದ, ಅದನ್ನು ಬದಲಿಸದೆ ತಪಾಸಣೆಯವರ ಮುಂದೆ ನಿಲ್ಲುವಂತಿರಲಿಲ್ಲ. ಟೈರು ಬದಲಾಗಬೇಕಾದರೆ ಚಕ್ರ ಬರಬೇಕು, ಚಕ್ರ ಬರಬೇಕಾದರೆ ನಟ್ಟು ತಿರುಗಬೇಕು.

ಗಾಡಿ ಹೋದರೆ ಮನೆಯೂ ಹೋಗುತ್ತಿತ್ತು. ಗಂಡನ ಎರಡೂ ಕಿಡ್ನಿಗಳು ಕೈಕೊಟ್ಟು ಮೂರು ವರ್ಷವಾಗಿತ್ತು. ವಾರಕ್ಕೆ ಮೂರು ಬೆಳಗು, ಹದಿನೆಂಟು ಮೈಲಿ ದೂರದ ಆಸ್ಪತ್ರೆಯಲ್ಲಿ ಅವನ ರಕ್ತವನ್ನು ಯಂತ್ರಕ್ಕೆ ಹರಿಸಿ ತೊಳೆಯಬೇಕಾಗಿತ್ತು. ಆಸ್ಪತ್ರೆಯ ಪಕ್ಕದ ಬೀದಿಯಲ್ಲಿ ಗಂಡನ ಅಕ್ಕನ ಮನೆ. ಅವರು ತಮ್ಮ ಹಿಂದುಗಡೆಯ ಕೋಣೆಯನ್ನು ಮೂರು ವರ್ಷಗಳಿಂದಲೂ “ನಿಮಗೇ ಇಟ್ಟಿದ್ದೀನಿ” ಎನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಎರಡು ಮಂಚ ಹಾಕಿದರೆ ಮೂರನೆಯ ವಸ್ತುವಿಗೆ ಜಾಗವಿರಲಿಲ್ಲ. ಕಬ್ಬಿಣ ಬಿಗಿದು ಹಿಡಿಯುವ ವೈಸ್ ಜೋಡಿಸಿದ ಮರದ ಮೇಜು, ಲೋಹ ಉಜ್ಜುವ ಹದಿನಾಲ್ಕು ಅರಗಳು, ಗಂಡನ ನಕ್ಷೆಯ ಹಲಗೆ, ಇವೆಲ್ಲ ಬೀದಿಗೆ ಬೀಳುತ್ತಿದ್ದವು. ಇಲ್ಲಿಯವರೆಗೆ ಅವಳು ಆ ಕೋಣೆಯನ್ನು ಬೇಡವೆನ್ನಲು ಸಾಧ್ಯವಾದದ್ದು ಗಾಡಿಯಿಂದ. ಐವತ್ತೊಂದನೆಯ ವಯಸ್ಸಿನಲ್ಲಿ, ಮೊಣಕಾಲು ಮೂರು ಸಲ ತರಚಿಕೊಂಡು, ಅವಳು ಅದನ್ನು ಓಡಿಸಲು ಕಲಿತಿದ್ದಳು.

ಸೋಮವಾರ ಮಧ್ಯಾಹ್ನವೆಲ್ಲ ಬಿಡಿಭಾಗಗಳ ಅಂಗಡಿಗಳಲ್ಲಿ ಕಳೆಯಿತು. ನಾಲ್ಕನೆಯ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದವನು ತಲೆಯೆತ್ತದೆ ಕೇಳಿದ: “ಪಾರ್ಟ್ ನಂಬರ್ ಹೇಳಿ ಮೇಡಂ.”

“ನಂಬರ್ ಹೇಳೋ ಕಂಪನಿ ಮುಚ್ಚಿ ಇಪ್ಪತ್ತು ವರ್ಷ ಆಯ್ತು.”

“ನಂಬರ್ ಇಲ್ದೆ ಹುಡುಕೋಕಾಗಲ್ಲ.”

“ಕಣ್ಣಲ್ಲಿ ಹುಡುಕಪ್ಪಾ. ಹಿಂದೆ ಅಷ್ಟು ದೊಡ್ಡ ಗೋಡೆ ತುಂಬಾ ಸ್ಪ್ಯಾನರ್ ನೇತಾಕಿದ್ದೀಯ. ಎದ್ದು ತಿರುಗಿ ನೋಡಿದ್ರೆ ಸೊಂಟ ಉಳುಕುತ್ತಾ?”

ಅವನು ಎದ್ದ, ತಿರುಗಿದ, ನೋಡಿದ. ಇರಲಿಲ್ಲ. ಅವಳಿಗೆ ಅವನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು.

ಅರದಮ್ಮ ಎಂಬ ಹೆಸರು ಅವಳಿಗೆ ಬಂದದ್ದು ತೂಕದ ಯಂತ್ರಗಳ ಕಾರ್ಖಾನೆಯಲ್ಲಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೇಜುಗಳ ಕೆಳಗಿನ ಲೋಹದ ಪುಡಿ ಗುಡಿಸಲು ಸೇರಿದವಳು, ಎರಡನೆಯ ವರ್ಷ ಅರಗಾರನೊಬ್ಬ ಹೇಳದೆ ಕೇಳದೆ ಕೆಲಸ ಬಿಟ್ಟಾಗ ಅವನ ಮೇಜಿನ ಮುಂದೆ ನಿಂತಳು. ಗಂಡಸರು ನಕ್ಕರು. ಹಿರಿಯ ಮೇಸ್ತ್ರಿ ನಗಲಿಲ್ಲ. ಉಕ್ಕಿನ ಒಂದು ಘನ, ಚೌಕ ತೂತಿನ ಒಂದು ಫಲಕ, ಇಷ್ಟನ್ನು ಕೊಟ್ಟು, ಘನವನ್ನು ಆರು ಮಗ್ಗುಲಿನಿಂದ ತೂರಿಸಿದರೂ ಸಂದಿಯಲ್ಲಿ ಬೆಳಕು ಕಾಣಬಾರದೆಂದ. ಹದಿನೇಳು ದಿನ ಹಿಡಿಯಿತು. ಬೆಳಕು ಕಾಣಲಿಲ್ಲ. ಅಲ್ಲಿಂದ ಮುಂದೆ ಅವಳು ಅರದಮ್ಮ. ತಕ್ಕಡಿಯ ದಂಡ ಕೂರುವ ಅಲಗುಗಳನ್ನು ಯಂತ್ರ ಕೊರೆದು ಕೊಟ್ಟರೂ, ಕೊನೆಯ ಕೈ ಅವಳದೇ ಆಗಬೇಕಾಗಿತ್ತು.

ಅವಳ ಗಂಡ ಅದೇ ಕಾರ್ಖಾನೆಯ ಮಹಡಿಯಲ್ಲಿ ಯಂತ್ರಭಾಗಗಳ ನಕ್ಷೆ ಬರೆಯುತ್ತಿದ್ದವನು. ಎಲ್ಲರೂ ಅವನನ್ನು ನಕ್ಷೆರಾಯ ಎನ್ನುತ್ತಿದ್ದರು. ಅವನ ಮೊದಲ ಮೂರು ನಕ್ಷೆಗಳನ್ನು ಅವಳು “ಇದನ್ನ ಬರೆದವರೇ ಮಾಡ್ಲಿ” ಎಂದು ಹೇಳಿ ಮೇಲಕ್ಕೆ ಕಳುಹಿಸಿದ್ದಳು. ನಾಲ್ಕನೆಯದನ್ನು ಅವನೇ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದ. ಮದುವೆಯ ಮಾತು ಎಲ್ಲಿ ಆರಂಭವಾಯಿತೆಂದು ಕೇಳಿದವರಿಗೆ ಇಬ್ಬರೂ ಆ ಜಗಳವನ್ನೇ ಹೇಳುತ್ತಿದ್ದರು, ಯಾರು ಗೆದ್ದರೆಂಬ ವಿಷಯದಲ್ಲಿ ಮಾತ್ರ ಹೇಳಿಕೆ ಬೇರೆಬೇರೆ.

ಆ ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಒಂದು ಭಾಗ ಇನ್ನೊಂದರೊಳಗೆ ಕೂರಬೇಕಾದರೆ ನಡುವೆ ಒಂದಿಷ್ಟು ಸಡಿಲ ಬೇಕು. ಆ ಸಡಿಲ ಎಷ್ಟೆಂದು ತೀರ್ಮಾನಿಸುವ ಹಕ್ಕು ನಕ್ಷೆಯವನದು ಮಾತ್ರ. ನಕ್ಷೆಯಲ್ಲಿ ಬರೆದ ಅಂಕಿಯೊಳಗೆ ಸಡಿಲ ಸೇರಿರುತ್ತದೆ. ಅರ ಹಿಡಿದವರು ಆ ಅಂಕಿಗೆ ಕೈ ತರಬೇಕು, ಅಷ್ಟೆ. ತಮ್ಮ ಬುದ್ಧಿಯಿಂದ ಒಂದೆಳೆ, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು, ಕೂಡಿಸಿದವರನ್ನು ಮೇಸ್ತ್ರಿ ಮೂರು ದಿನ ಪುಡಿ ಗುಡಿಸಲು ಹಚ್ಚುತ್ತಿದ್ದ. ಇಪ್ಪತ್ತಾರು ವರ್ಷಗಳಲ್ಲಿ ಅರದಮ್ಮನ ಕೈಗೆ ಪೊರಕೆ ಮರಳಿ ಬರಲಿಲ್ಲ. ಆಮೇಲೆ ಅಂಕಿಗಳನ್ನು ತಾವೇ ತೋರಿಸುವ ತಕ್ಕಡಿಗಳು ಬಂದವು, ಕಾರ್ಖಾನೆ ಮುಚ್ಚಿತು.

ಮಂಗಳವಾರ ಬೆಳಗ್ಗೆ ಅವಳು ಜಗಲಿಯಲ್ಲಿ ಗಾಡಿಯ ಪಕ್ಕ ಮಣೆ ಹಾಕಿಕೊಂಡು ಕೂತಳು. ಮುಕ್ಕಾದ ಮೂಲೆಗಳಿಗೆ ಯಾವ ಸ್ಪ್ಯಾನರೂ ಹಿಡಿಯುವುದಿಲ್ಲವಾದ್ದರಿಂದ, ಮೊದಲು ನಟ್ಟಿನ ಆರು ಮುಖಗಳನ್ನೂ ಸಮನಾಗಿ ಅರದಿಂದ ಉಜ್ಜಿ ಹೊಸ ಮೂಲೆ ತರಿಸಬೇಕು. ಆಗ ಬರುವ ಅಳತೆ ಯಾವ ಅಂಗಡಿಯ ಗೋಡೆಯ ಮೇಲೂ ಇರುವುದಿಲ್ಲ, ಸ್ಪ್ಯಾನರನ್ನು ಮನೆಯಲ್ಲೇ ಮಾಡಬೇಕು. ಇದು ಅವಳ ಲೆಕ್ಕ. ನಕ್ಷೆರಾಯ ಅದನ್ನು ಒಪ್ಪಿದ. ಒಪ್ಪಿದನೆಂಬುದೇ ಅವಳಿಗೆ ವಿಚಿತ್ರವೆನಿಸಿತು. ಮೊದಲಾಗಿದ್ದರೆ ಎರಡು ಗಂಟೆ ವಾದಿಸುತ್ತಿದ್ದ.

ನಟ್ಟು ಚೊಕ್ಕವಾದಾಗ ಹತ್ತು ಗಂಟೆ. ಅವನು ಕುರ್ಚಿಯನ್ನು ಎಳೆದುಕೊಂಡು ಬಂದು, ತನ್ನ ಹಳೆಯ ವರ್ನಿಯರಿನ ದವಡೆಗಳ ನಡುವೆ ನಟ್ಟನ್ನು ಹಿಡಿದು ಅಳೆದ.

“ಇಪ್ಪತ್ತಾರು ಪಾಯಿಂಟ್ ನಾಲ್ಕು,” ಎಂದ.

ಅರ್ಧ ತಾಸಿನಲ್ಲಿ ನಕ್ಷೆಯೂ ಬಂತು. ಬಾಯಿಯ ಅಗಲ ಇಪ್ಪತ್ತಾರು ಪಾಯಿಂಟ್ ಏಳು, ದಪ್ಪ ಎಂಟು, ಹಿಡಿಯ ಉದ್ದ ಇಷ್ಟು. ಅಂಕಿಗಳು ಸ್ವಲ್ಪ ಅಂಕುಡೊಂಕಾಗಿದ್ದವು. ಅವಳು ಅದನ್ನು ನೋಡಿದಳು, ಏನೂ ಹೇಳಲಿಲ್ಲ. ಮೊದಲಾಗಿದ್ದರೆ ಹೇಳುತ್ತಿದ್ದಳು.

ಗೇಟು ಮಾಡುವವನ ಅಂಗಡಿಯಿಂದ ತಂದ ಅಗಲವಾದ ಉಕ್ಕಿನ ಪಟ್ಟಿಯ ಒಂದು ತುದಿಗೆ ಸಾಲಾಗಿ ತೂತು ಕೊರೆದು, ಗರಗಸದಿಂದ ನಡುವಿನ ತುಂಡು ತೆಗೆದು, ಸಂಜೆಯವರೆಗೆ ಅವಳು ಅರ ಹಾಕಿದಳು. ನಕ್ಷೆರಾಯ ಮಗ್ಗುಲಿಗೆ ಬಂದಾಗ “ಬಿಸಿಲಿಗೆ ಬರಬೇಡಿ, ಒಳಗೆ ಮಲಗಿ” ಎಂದು ಗದರಿಸಿ ಕಳುಹಿಸಿದಳು. ಅವನು ಹೋಗಿ ಮಲಗಿದ.

ಬುಧವಾರ ಆಸ್ಪತ್ರೆಯ ದಿನ. ಗಾಡಿಯಿಲ್ಲದ್ದರಿಂದ ಗಂಡನ ಅಕ್ಕ ಕಾರು ತಂದರು. ಬರುವಾಗ ಅಳತೆಯ ಟೇಪು ತಂದಿದ್ದರು.

“ನಿಮ್ಮ ಬೀರು ನಮ್ಮ ಬಾಗಿಲಲ್ಲಿ ಹಿಡಿಸುತ್ತಾ ಅಂತ ನೋಡ್ಕೊಂಡು ಹೋಗ್ತೀನಿ,” ಎಂದು ಅವರು ಬೀರುವಿನ ಅಗಲಕ್ಕೆ ಟೇಪು ಹಿಡಿದರು. “ಕೋಣೆಗೆ ಬಣ್ಣ ಹೊಡೆಸಿದ್ದೀನಿ ಕಣಮ್ಮಾ. ತಿಳಿ ಹಸಿರು.”

“ಅತ್ತಿಗೆ, ತಪಾಸಣೆ ನಾಳೆ. ಇವತ್ತಲ್ಲ.”

“ನಾಳೆ ಆಗದೇ ಹೋದ್ರೆ? ಮುಂಚೆನೇ ಅಳತೆ ತಗೊಂಡ್ರೆ ತಪ್ಪೇನು? ಈ ವಯಸ್ಸಲ್ಲಿ ನೀನು ಆ ಡಬ್ಬ ಓಡಿಸೋದು, ಇವನು ಹಿಂದೆ ನಿನ್ನ ಸೊಂಟ ಹಿಡ್ಕೊಂಡು ಕೂರೋದು. ನೋಡಿದವರು ನಗ್ತಾರೆ.”

“ನಗೋರು ಎದುರಿಗೆ ಬಂದು ನಗ್ಲಿ. ನೀವು ಟೇಪ್ ಮಡಚಿ ಮೊದ್ಲು. ಯಂತ್ರದ ಸರದಿ ತಪ್ಪುತ್ತೆ.”

ನಕ್ಷೆರಾಯ ಕಾರಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಅಕ್ಕನಿಗೆ ಅವನು ಒಂದೇ ಒಂದು ಮಾತು ತಿರುಗಿಸಿ ಹೇಳಲಿಲ್ಲ. ಹದಿನೆಂಟು ಮೈಲಿಯೂ ಅರದಮ್ಮ ಅವನ ಆ ಮುಚ್ಚಿದ ಕಣ್ಣುಗಳ ಮೇಲೆ ಕುದಿಯುತ್ತಲೇ ಇದ್ದಳು.

ಮಧ್ಯಾಹ್ನ ಮನೆಗೆ ಮರಳಿದ್ದೇ ತಡ, ಅವಳು ಸ್ಪ್ಯಾನರನ್ನು ತಂದು ನಟ್ಟಿಗೆ ತೊಡಿಸಿದಳು. ಸಲೀಸಾಗಿ ಹೋಯಿತು. ತೀರಾ ಸಲೀಸಾಗಿ. ಹಿಡಿಗೆ ಮೈಭಾರ ಹಾಕಿದ ಕ್ಷಣದಲ್ಲಿ ಅದು ಜಾರಿ, ಅವಳ ಗೆಣ್ಣುಗಳು ಚೌಕಟ್ಟಿಗೆ ಬಡಿದವು. ನಟ್ಟಿನ ಎರಡು ಹೊಸ ಮೂಲೆಗಳು ಮಡಚಿಹೋದವು. ನಾಲ್ಕು ಬೆರಳುಗಳಿಂದ ರಕ್ತ ಸುರಿಯಿತು. ಅವಳು ಬೆರಳುಗಳನ್ನು ಬಾಯಲ್ಲಿಟ್ಟುಕೊಂಡೇ ಕೂಗಿದಳು:

“ರೀ! ಎಷ್ಟು ಬರ್ಕೊಟ್ರಿ ನೀವು?”

ಅವನು ಗೋಡೆ ಹಿಡಿದು ಹೊರಗೆ ಬಂದ. “ಇಪ್ಪತ್ತಾರು ಪಾಯಿಂಟ್ ಏಳು. ಯಾಕೆ? ನೀನು ಎಷ್ಟಕ್ಕೆ ತಂದೆ?”

ಅವನು ವರ್ನಿಯರನ್ನು ತರಿಸಿ ಸ್ಪ್ಯಾನರಿನ ಬಾಯಿಗಿಟ್ಟು ನೋಡಿದ. ಮತ್ತೊಮ್ಮೆ ನೋಡಿದ.

“ಇಪ್ಪತ್ತಾರು ಪಾಯಿಂಟ್ ಒಂಬತ್ತು! ಎರಡೆಳೆ ಜಾಸ್ತಿ ಉಜ್ಜಿದ್ದೀಯ. ನೀನು! ಇಪ್ಪತ್ತಾರು ವರ್ಷ ಎದೆ ತಟ್ಕೊಂಡು ಓಡಾಡಿದವಳು!”

“ಬೇಕಂತಲೇ ಉಜ್ಜಿದೆ.”

“ಬೇಕಂತ?”

“ನಿಮ್ಮ ಬೆರಳಿಗೆ ಬಿಗಿ ಎಲ್ಲಿ ತಿಳಿಯುತ್ತೆ? ಜೋಮು ಹಿಡಿದು ವರ್ಷ ಆಯ್ತು. ಬಿಸಿ ಲೋಟ ಹಿಡಿದು ಸುಟ್ಕೊಂಡ್ರೂ ಗೊತ್ತಾಗಲ್ಲ ನಿಮ್ಗೆ. ವರ್ನಿಯರ್ ಅದುಮಿ ಅದುಮಿ ಕಡಿಮೆ ಅಳತೆ ತೆಗೆದಿರ್ತೀರ ಅಂತ ಎರಡೆಳೆ ಬಿಟ್ಟೆ. ಬಾಯಿ ಬಿಟ್ಟು ಹೇಳಿದ್ರೆ ನೊಂದ್ಕೋತೀರ ಅಂತ ಹೇಳ್ಲಿಲ್ಲ.”

ನಕ್ಷೆರಾಯನ ಮುಖ ಕೆಂಪಾಯಿತು. ಯಂತ್ರಕ್ಕೆ ಹೋಗಿ ಬಂದ ದಿನ ಅವನ ಮುಖದಲ್ಲಿ ಇಷ್ಟು ರಕ್ತವೇರಿದ್ದನ್ನು ಅವಳು ಕಂಡಿರಲಿಲ್ಲ.

“ಓಹೋ. ಕನಿಕರ! ನನ್ನ ಮೇಲೆ ಕನಿಕರ!”

“ಒಂದ್ನಿಮಿಷ. ನಾಲ್ಕಕ್ಕೆ ಒಂದೆಳೆ ಸಡಿಲ ಕೊಟ್ರೆ ಐದಾಗ್ಬೇಕು. ನಮ್ಮಲ್ಲಿ ಯಾವತ್ತೂ ಒಂದೆಳೆಗಿಂತ ಜಾಸ್ತಿ ಕೊಟ್ಟಿಲ್ಲ. ನೀವು ಏಳು ಬರೆದ್ರಲ್ಲ, ಉಳಿದ ಎರಡೆಳೆ ಎಲ್ಲಿಂದ ಬಂತು ನಕ್ಷೆರಾಯರೇ?”

ಅವನು ವರ್ನಿಯರಿನ ದವಡೆ ಮುಚ್ಚಿ, ಮತ್ತೆ ತೆರೆದ.

“ಹೇಳಿ.”

“ನಿನ್ನ ಎಡಗಣ್ಣು ಮಂಜಾಗಿದೆ,” ಎಂದ ಅವನು ಕೊನೆಗೆ. “ಬಲಗಣ್ಣಿಗೆ ಆಪರೇಷನ್ ಆದ್ಮೇಲೂ ನಿಂಗೆ ಸಂದಿಯ ಬೆಳಕು ಸರಿಯಾಗಿ ಕಾಣ್ತಿಲ್ಲ. ಸೂಜಿಗೆ ದಾರ ನಾನು ಪೋಣಿಸಿ ಕೊಡ್ತಾ ಇಲ್ವಾ? ಅರ ಹಾಕಿದ ಮೈ ನಡುವೆ ಉಬ್ಬಿರುತ್ತೆ, ಬಿಗಿ ಬರುತ್ತೆ ಅಂತ ಎರಡೆಳೆ ಜಾಸ್ತಿ ಬರೆದೆ.”

“ನನ್ನ ಅರದ ಮೈ ಉಬ್ಬಿರುತ್ತೆ ಅಂದ್ರಾ?”

“ಅಂದೆ.”

“ನನ್ನ ಮುಖಕ್ಕೆ ಹೇಳೋದಕ್ಕೆ ಏನಾಗಿತ್ತು?”

“ನಿಂಗೇನಾಗಿತ್ತು?”

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಅರದಮ್ಮ ಆ ಕಡೆ ತಿರುಗಿ “ಏನೂ ಇಲ್ಲ, ಮುಚ್ಕೊಳ್ಳಿ” ಎಂದಳು. ಕಿಟಕಿ ಮುಚ್ಚಿತು.

ಅವಳಿಗೆ ಅಂಗಡಿಯವನ ಉಳಿಯ ಮೇಲಿನ ಕೋಪ ಈಗ ಕೋಪವೇ ಅಲ್ಲವೆನ್ನಿಸಿತು. ಉಳಿ ಹಿಡಿದವನು ದಡ್ಡ, ಅಷ್ಟೆ. ಈ ಮನೆಯೊಳಗೆ ಇಬ್ಬರು ವರ್ಷದಿಂದಲೂ ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಎಳೆಯೆಳೆಯಾಗಿ ರಿಯಾಯಿತಿ ಕೊಡುತ್ತ ಬಂದಿದ್ದರು. ಅವನು ಓದಿದ ಔಷಧಿಯ ಚೀಟಿಯನ್ನು ಅವಳು ಕದ್ದು ಬೇರೆಯವರಿಂದ ಇನ್ನೊಮ್ಮೆ ಓದಿಸುತ್ತಿದ್ದಳು. ಅವಳು ತೊಳೆದ ಪಾತ್ರೆಯನ್ನು ಅವನು ಕದ್ದು ಇನ್ನೊಮ್ಮೆ ತೊಳೆಯುತ್ತಿದ್ದ. ಅದೂ ಅವಳಿಗೆ ಗೊತ್ತಿತ್ತು. ಜಗಳವಾಡುವುದನ್ನು ಬಿಟ್ಟದ್ದು ವಯಸ್ಸಾದ ಮೇಲೆ ಬಂದ ಸೌಮ್ಯತೆಯೆಂದು ಅವಳು ಎಣಿಸಿದ್ದಳು. ಅದು ಸೌಮ್ಯತೆಯಾಗಿರಲಿಲ್ಲ. ಇನ್ನು ಈತನಿಂದ ಏನಾಗಬೇಕು, ಇನ್ನು ಈಕೆಯಿಂದ ಏನಾಗಬೇಕು ಎಂಬ ತೀರ್ಮಾನ ಅದು. ಅಕ್ಕ ಟೇಪು ಹಿಡಿದು ಬಂದದ್ದರಲ್ಲಿ ಅಕ್ಕನ ತಪ್ಪೇನು? ಮನೆಯವರೇ ಆಗಲೇ ಅರ್ಧ ಗಂಟು ಕಟ್ಟಿದ್ದರು.

“ಪಟ್ಟಿಯ ಇನ್ನೊಂದು ತುದಿ ಉಳಿದಿದೆ,” ಎಂದಳು. ದನಿ ಇಳಿದಿರಲಿಲ್ಲ. “ಸಂಜೆ ಬೆಳಕು ಆರೂವರೆವರೆಗೆ ಇರುತ್ತೆ. ಕುರ್ಚಿ ಇಲ್ಲೇ ಹಾಕ್ಕೊಳ್ಳಿ. ಸುಸ್ತಾದ್ರೆ ಸುಸ್ತಾಯ್ತು ಅಂತ ಬಾಯಿ ಬಿಟ್ಟು ಹೇಳ್ಬೇಕು. ನಾನು ಕೇಳಲ್ಲ.”

“ನೀನೂ ಕಾಣ್ಲಿಲ್ಲ ಅಂದ್ರೆ ಕಾಣ್ಲಿಲ್ಲ ಅನ್ಬೇಕು.”

“ಅಂತೀನಿ.”

ಅವಳು ಬೆರಳಿಗೆ ಬಟ್ಟೆ ಸುತ್ತಿಕೊಂಡು ನಟ್ಟಿನ ಮುಖಗಳನ್ನು ಎರಡನೆಯ ಸಲ ಉಜ್ಜಿದಳು. ಇನ್ನೊಂದು ಸಲ ಉಜ್ಜುವಷ್ಟು ಮೈ ಅದರಲ್ಲಿ ಉಳಿಯಲಿಲ್ಲ. ನಕ್ಷೆರಾಯ ಅಳೆದು “ಇಪ್ಪತ್ತೈದು ಪಾಯಿಂಟ್ ಏಳು” ಎಂದ. ಅವಳು ವರ್ನಿಯರನ್ನು ಕಿತ್ತುಕೊಂಡು, ದವಡೆ ನಟ್ಟಿಗೆ ತಗುಲಿ ನಿಲ್ಲುವಷ್ಟೇ ಹಿಡಿದು, “ಈಗ ಓದಿ” ಎಂದಳು.

ಅವನು ಬಗ್ಗಿ ಓದಿದ.

“ಇಪ್ಪತ್ತೈದು ಪಾಯಿಂಟ್ ಎಂಟು.”

“ಅದುಮಿದ್ರಿ.”

“ಅದುಮಿದ್ದೆ,” ಎಂದು ಅವನು ಹಲ್ಲು ಕಚ್ಚಿ ಒಪ್ಪಿಕೊಂಡ. ನಕ್ಷೆಯ ಹಾಳೆಯ ಮೇಲೆ ಇಪ್ಪತ್ತೈದು ಪಾಯಿಂಟ್ ಒಂಬತ್ತು ಎಂದು ಬರೆದು, ಕೆಳಗೆ ಗೆರೆ ಎಳೆದ. ಗೆರೆ ಡೊಂಕಾಗಿತ್ತು. “ಡೊಂಕು,” ಎಂದಳು ಅವಳು. ಅವನು ಇನ್ನೊಂದು ಎಳೆದ.

ತೂತು ಕೊರೆದು ಗರಗಸ ಹಾಕುವಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಅನಂತರ ದೊಡ್ಡ ಅರ, ಅನಂತರ ಸಣ್ಣ ಅರ. ಪ್ರತಿ ಇಪ್ಪತ್ತು ಎಳೆತಕ್ಕೊಮ್ಮೆ ಅವಳು ಪಟ್ಟಿಯನ್ನು ವೈಸಿನಿಂದ ಬಿಡಿಸಿ, ಬಾಯಿಯೊಳಗೆ ಉಕ್ಕಿನ ನೇರಪಟ್ಟಿ ಇಟ್ಟು, ಇಳಿಬಿಸಿಲಿನ ಕಡೆ ಹಿಡಿದಳು. ಅವನು ಕುರ್ಚಿಯಿಂದ ಮುಂದಕ್ಕೆ ಬಾಗಿ ಸಂದಿಯನ್ನು ನೋಡಿದ.

“ನಡುವೆ ಉಬ್ಬು. ಎರಡೂ ಅಂಚಲ್ಲಿ ಬೆಳಕು ಬರ್ತಾ ಇದೆ.”

“ಸುಳ್ಳು.”

“ಕಾಣುತ್ತಾ ನಿಂಗೆ?”

ಅವಳು ಬಲಗಣ್ಣಿನಿಂದ ನೋಡಿದಳು, ಎಡಗಣ್ಣಿನಿಂದ ನೋಡಿದಳು. ಒಂದೇ ಸಮನೆ ಕಪ್ಪು. ಇಪ್ಪತ್ತನೆಯ ವಯಸ್ಸಿನಿಂದ ಅವಳು ನಂಬಿದ್ದ ಆ ಬೆಳಕಿನ ಗೆರೆ ಇದ್ದಲ್ಲಿ ಇರಲಿಲ್ಲ.

“ಕಾಣ್ತಿಲ್ಲ,” ಎಂದಳು. ಅದನ್ನು ಹೇಳಿದ ಸಿಟ್ಟಿಗೆ ಅರವನ್ನು ಮೇಜಿನ ಮೇಲೆ ಕುಕ್ಕಿದಳು. “ಹೇಳಿ. ಎಲ್ಲಿಂದ ಎಲ್ಲಿವರೆಗೆ?”

“ಹಿಡಿ ಕಡೆಯಿಂದ ಎರಡು ಬೆರಳು ಬಿಟ್ಟು. ಅಲ್ಲಿ ಆರು ಎಳೆತ. ಆರೇ. ಏಳು ಹಾಕಿದ್ರೆ ನಾನು ಎದ್ದು ಹೋಗ್ತೀನಿ.”

“ಎದ್ದು ಹೋಗೋ ಶಕ್ತಿ ಇದ್ರೆ ಹೋಗಿ.”

ಆರು ಎಳೆತ. ನೋಟ. “ಇನ್ನೂ ಇದೆ.” ಮೂರು ಎಳೆತ. “ಈಗ ಎಡಕ್ಕೆ ವಾಲಿತು, ಮೊಣಕೈ ಎತ್ತಬೇಡ.” “ಮೊಣಕೈ ಎತ್ತಿಲ್ಲ.” “ಎತ್ತಿದೆ. ನೋಡ್ತಾ ಇದ್ದೀನಲ್ಲ.” ಬೀದಿಯಲ್ಲಿ ಹೋಗುವವರಿಗೆ ಅದು ಮುರಿದುಬೀಳುತ್ತಿರುವ ಸಂಸಾರದಂತೆ ಕೇಳಿಸಿರಬೇಕು. ಅವಳು ಹಿಡಿದ ವರ್ನಿಯರನ್ನು ಅವನು ಓದಿದ. ಅವನು ತೋರಿಸಿದ ಉಬ್ಬನ್ನು ಅವಳು ಬೆರಳತುದಿಯಿಂದ ತಡವಿ ಹುಡುಕಿದಳು, ಹುಡುಕಿದಾಗ ಅದು ಅಲ್ಲೇ ಇತ್ತು. ಐದೂವರೆಯ ಹೊತ್ತಿಗೆ ಅವನು “ಸುಸ್ತಾಯ್ತು” ಎಂದ. ಅವಳು “ಹತ್ತು ನಿಮಿಷ” ಎಂದಳು. ಹತ್ತು ನಿಮಿಷದ ಮೇಲೆ ಅವನೇ “ಹೂಂ, ಹಾಕು” ಎಂದ.

ಆರೂಕಾಲಿಗೆ ಸ್ಪ್ಯಾನರ್ ನಟ್ಟಿನ ಮೇಲೆ ತುಸು ಮೊಂಡಾಟ ಮಾಡಿ ಕೂತಿತು. ಅಲುಗಿಸಿದರೆ ಅಲುಗಲಿಲ್ಲ. ಹಿಡಿಗೆ ಕೊಳವೆಯ ತುಂಡೊಂದನ್ನು ತೊಡಿಸಿ ಅವಳು ಒಂದು ಕಾಲನ್ನು ಚೌಕಟ್ಟಿಗೆ ಒದ್ದು ನಿಂತಳು. ನಕ್ಷೆರಾಯ ಎದ್ದು ಬಂದು ಕೊಳವೆಯ ತುದಿಗೆ ತನ್ನ ಎರಡೂ ಕೈಗಳನ್ನಿಟ್ಟ. ಬೇಡವೆನ್ನಲು ಅವಳ ಬಾಯಿ ತೆರೆಯಿತು, ಮುಚ್ಚಿಕೊಂಡಳು.

“ಒಟ್ಟಿಗೆ,” ಎಂದಳು.

ನಟ್ಟು ಕಿರ್ರೆಂದು ಚೀರಿ ಕಾಲು ಸುತ್ತು ತಿರುಗಿತು.

ಗುರುವಾರ ಬೆಳಗ್ಗೆ ಹೊಸ ಟೈರು, ಚೈನು, ಬ್ರೇಕಿನ ಸರಳು, ಎಲ್ಲವೂ ಅವುಗಳ ಜಾಗದಲ್ಲಿದ್ದವು. ತಪಾಸಣೆಯ ಅಂಗಳದಲ್ಲಿ ಒಂಬತ್ತನೆಯ ಸರದಿ ಸಿಕ್ಕಿತು. ಅಧಿಕಾರಿ ದೀಪ ನೋಡಿದ, ಹಾರ್ನು ನೋಡಿದ, ಟೈರಿನ ಪಟ್ಟೆಗಳಲ್ಲಿ ಕಡ್ಡಿಯಿಟ್ಟು ಆಳ ನೋಡಿದ. ಹಿಂಚಕ್ರದ ಬಳಿ ಕೂತು ಹುಬ್ಬುಗಂಟಿಕ್ಕಿದ.

“ಇದೇನು ನಟ್ಟು? ಯಾವ ಅಳತೆ?”

“ಇಪ್ಪತ್ತೈದು ಪಾಯಿಂಟ್ ಎಂಟು,” ಎಂದಳು.

“ಅಂಥ ಅಳತೆ ನಟ್ಟೇ ಬರಲ್ಲ. ಉಜ್ಜಿದ್ದೀರ. ಬಿಗಿ ಇದೆಯೋ ಇಲ್ವೋ ನಾನು ಹೇಗೆ ನಂಬ್ಲಿ?” ಅವನು ತನ್ನ ಪೆಟ್ಟಿಗೆಯಿಂದ ಸ್ಕ್ರೂ ಸ್ಪ್ಯಾನರನ್ನು ತೆಗೆದ.

“ಅದನ್ನ ಅದರ ಹತ್ರ ತರಬೇಡಿ!”

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಧಿಕಾರಿಯ ಕೈ ಗಾಳಿಯಲ್ಲೇ ನಿಂತಿತು.

“ಮೂತಿ ದಪ್ಪ, ಹೋಗಲ್ಲ. ಹೋದ್ರೂ ಜಾರುತ್ತೆ. ಮೂಲೆ ಹೋದ್ರೆ ಇನ್ನೊಂದು ಸಲ ಉಜ್ಜೋಕೆ ನಟ್ಟಲ್ಲಿ ಮೈ ಉಳಿದಿಲ್ಲ. ಇದನ್ನ ಹಾಕಿ ನೋಡಿ.” ಅವಳು ಬಟ್ಟೆಯ ಸುರುಳಿಯಿಂದ ತನ್ನ ಸ್ಪ್ಯಾನರನ್ನು ತೆಗೆದು ಕೊಟ್ಟಳು. “ಈ ತುದಿ. ಆ ತುದಿ ಅಲ್ಲ. ಆ ತುದಿ ಕೆಟ್ಟಿದ್ದು.”

ಅಧಿಕಾರಿ ಅದನ್ನು ತಿರುವಿಮುರುವಿ ನೋಡಿ ನಟ್ಟಿಗೆ ತೊಡಿಸಿದ. 'ಟಕ್' ಎಂದು ಕೂತಿತು. ಮೈಭಾರ ಹಾಕಿದ. ಇನ್ನೊಮ್ಮೆ ಹಾಕಿದ. ಕದಲಲಿಲ್ಲ. ಅವನ ಹಣೆಯ ಗಂಟು ತುಸು ಸಡಿಲವಾಯಿತು.

“ಅಂಗಡೀಲಿ ಸಿಗೋದಲ್ಲ ಇದು.”

“ಅಲ್ಲ.”

“ಹಾಗಾದ್ರೆ ಷರತ್ತು ಹಾಕ್ತೀನಿ. ಈ ಸಲಕರಣೆ ಯಾವಾಗ್ಲೂ ಗಾಡಿಯಲ್ಲೇ ಇರಬೇಕು. ಇಲ್ದೆ ಸಿಕ್ಕಿಬಿದ್ರೆ ಮಂಜೂರಾತಿ ರದ್ದು.” ಅವನು ಪೆನ್ನು ತೆಗೆದು ಫಾರಮ್ಮಿನ ಅಂಚಿನಲ್ಲಿ ಬರೆಯತೊಡಗಿದ. “ಮಾಡಿದ್ದು ಯಾರು?”

ನಕ್ಷೆರಾಯ ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: “ಕೈ ನಂದು. ಕಣ್ಣು ಇವರದು. ಎರಡನ್ನೂ ಬರೀರಿ. ಒಂದೇ ಬರೆದ್ರೆ ತಪ್ಪು ಬರೆದ ಹಾಗಾಗುತ್ತೆ.”

“ಅಷ್ಟು ಜಾಗ ಇಲ್ಲಮ್ಮಾ.”

“ಸಣ್ಣಕ್ಷರದಲ್ಲಿ ಬರೀರಿ.”

ಅಧಿಕಾರಿ ಸಣ್ಣಕ್ಷರದಲ್ಲಿ ಬರೆದು ಮೊಹರು ಒತ್ತಿದ. ಒಂದು ವರ್ಷ.

ಗೇಟಿನ ಹೊರಗೆ ಬರುವಷ್ಟರಲ್ಲಿ ಫೋನು ಬಡಿದುಕೊಂಡಿತು. ಗಂಡನ ಅಕ್ಕ. ಅರದಮ್ಮ ಫೋನನ್ನು ನೋಡಿದಳು, ಎತ್ತಲಿಲ್ಲ, ನಕ್ಷೆರಾಯನ ಎದೆಗೆ ಚಾಚಿದಳು. ಅವನು ಜೋಮು ಹಿಡಿದ ಬೆರಳಿನಿಂದ ಎರಡು ಸಲ ತಪ್ಪಾಗಿ ಒತ್ತಿ ಮೂರನೆಯ ಸಲ ಕಿವಿಗಿಟ್ಟ.

“ಅಕ್ಕಾ, ಪಾಸಾಯ್ತು... ಇಲ್ಲ. ಬರಲ್ಲ... ಮುಂದಿನ ವರ್ಷದ್ದು ಮುಂದಿನ ವರ್ಷ ನೋಡ್ಕೋತೀವಿ... ಬಣ್ಣ ಹೊಡೆಸಿದ್ರೆ ನಿನ್ನ ಮನೆಗೇ ಚಂದ ಅಲ್ವಾ... ಅಕ್ಕಾ, ನನ್ನ ಮಾತು ಕೇಳು ಒಂದ್ಸಲ. ಇನ್ನೊಂದ್ಸಲ ನಮ್ಮನೆಗೆ ಟೇಪ್ ತರಬೇಡ.” ಆ ಕಡೆಯ ದನಿ ಏರಿತು. ಇವನ ದನಿಯೂ ಏರಿತು: “ಕೋಪ ಬಂದ್ರೆ ಬರ್ಲಿ. ಇಲ್ಲೂ ನಿನ್ನೆಯಿಂದ ಅದೇ ನಡೀತಿದೆ!”

ಫೋನನ್ನು ಜೇಬಿಗಿಟ್ಟು, ಹೆಂಡತಿಯ ಭುಜ ಹಿಡಿದು, ಅವನು ಕಷ್ಟದಿಂದ ಹಿಂದಿನ ಸೀಟು ಹತ್ತಿದ.

“ಎರಡು ಮೈಲಿ ಆದ್ಮೇಲೆ ನಿಲ್ಲಿಸು. ಹೊಸ ಚಕ್ರ. ಬಿಗಿ ಇನ್ನೊಮ್ಮೆ ನೋಡ್ಬೇಕು.”

“ನನ್ನ ಬಿಗಿ ಮೇಲೆ ಅನುಮಾನಾನಾ?”

“ಅನುಮಾನವೇ.”

“ಅದನ್ನ ಹಾಗೇ ಹೇಳಿ ಮತ್ತೆ,” ಎಂದು ಅವಳು ಕಿಕ್ಕರಿಗೆ ಒದ್ದಳು. ಎರಡನೆಯ ಮೈಲಿಗಲ್ಲಿನ ಬಳಿ ಗಾಡಿ ನಿಲ್ಲಿಸಿದಳು.